ಬಂಗಾಳದ ಚಿನ್ನ, ಮಕ್ಕಾದ ಜಾಗ

ಗಲ್ಫ್‌ನಿಂದ ಊರಿಗೆ ಹಣ ಬರುವುದು ನಮಗೆ ಹೊಸತಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸ್ಲ್ಯಾಬ್ ಬಿದ್ದದ್ದೇ ಆ ಹಣದಿಂದ. ಈಗ ಕೆಲವು ಕುಟುಂಬಗಳಲ್ಲಿ ಉಲ್ಟಾ ಮಾತು ಕೇಳಿಬರುತ್ತಿದೆ. ಇಲ್ಲಿಂದ ಹಣ ಕಳಿಸಿ ಅಲ್ಲೇ ಒಂದು ಫ್ಲ್ಯಾಟ್ ತೆಗೊಂಡರೆ ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಹಿರಿಯರು ಸುಮ್ಮನಾಗಿ ಬಿಡುತ್ತಾರೆ. ಹಣ ಸರಿಯಾಗಿ ತಲುಪೀತಾ? ಕಾಗದ ಯಾರ ಹೆಸರಲ್ಲಿ? ನಾವಿಲ್ಲಿ, ಜಾಗ ಅಲ್ಲಿ, ನೋಡಿಕೊಳ್ಳುವವರು ಯಾರು? ವರ್ಷ ವರ್ಷದ ಖರ್ಚು ಯಾರ ಕಿಸೆಯಿಂದ?

ಇಷ್ಟು ಪ್ರಶ್ನೆ ಏಳುವುದು ಎಲ್ಲ ಅನುಕೂಲ ಇರುವ ಕಾಲದಲ್ಲಿ. ಇವತ್ತು ಬ್ಯಾಂಕ್ ಉಂಟು, ಪ್ಯಾನ್ ಕಾರ್ಡ್ ಉಂಟು, ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಉಂಟು. ಬ್ಯಾಂಕೂ ಇಲ್ಲದ, ತಂತಿಯೂ ಇಲ್ಲದ ಕಾಲದಲ್ಲಿ, ಸುಮಾರು 600 ವರ್ಷಗಳ ಹಿಂದೆ, ಒಬ್ಬರು ಬಂಗಾಳದಲ್ಲಿ ಕೂತು ಮಕ್ಕಾದಲ್ಲಿ ಮಸ್ಜಿದುಲ್ ಹರಾಮಿನ ಪಕ್ಕದಲ್ಲೇ ಜಾಗ ಖರೀದಿಸಿದರು. ಅವರು ಬಂಗಾಳದ ಸುಲ್ತಾನ ಗಿಯಾಸುದ್ದೀನ್ ಆಝಮ್ ಶಾ. ಈ ವಾರ ನಾವು ನೆನೆಯುವುದು ಅವರನ್ನು.

ಬಂಗಾಳ ಎಂದರೆ ನಮಗೆ ದೂರದ ಊರು. ಆದರೂ ನಮಗೂ ಅದಕ್ಕೂ ಒಂದು ಹಳೆಯ ಕೊಂಡಿ ಉಂಟು. ಪ್ರವಾಸಿ ಇಬ್ನು ಬತೂತ 1340ರ ದಶಕದಲ್ಲಿ ನಮ್ಮ ಮಂಗಳೂರಿಗೆ ಬಂದಿದ್ದರು. ಅವರು ಅದನ್ನು ಮಂಜರೂರ್ ಎಂದು ಕರೆದರು. ಇಲ್ಲಿ ಸುಮಾರು 4,000 ಮುಸ್ಲಿಮರು ಇದ್ದರೆಂದೂ, ಇಲ್ಲಿನ ಖಾಝಿ ಶಾಫಿಈ ಮದ್‌ಹಬಿನವರೆಂದೂ ಬರೆದಿಟ್ಟರು. ಕೆಲವೇ ವರ್ಷಗಳಲ್ಲಿ ಅದೇ ಇಬ್ನು ಬತೂತ ಬಂಗಾಳಕ್ಕೂ ಹೋದರು, ಸೋನಾರ್‌ಗಾಂವ್ ಎಂಬ ಪಟ್ಟಣವನ್ನೂ ಕಂಡರು. ಇವತ್ತು ಬಾಂಗ್ಲಾದೇಶದ ಢಾಕಾದ ಹತ್ತಿರ ಇರುವ ಆ ಪಟ್ಟಣವೇ ಮುಂದೆ ನಮ್ಮ ಕಥೆಯ ಸುಲ್ತಾನರ ನೆಲೆಯಾಯಿತು.

ಗಿಯಾಸುದ್ದೀನ್ ಇಲ್ಯಾಸ್ ಶಾಹಿ ಮನೆತನದವರು. ಅಜ್ಜ ಇಲ್ಯಾಸ್ ಶಾ ಬಂಗಾಳವನ್ನು ಒಟ್ಟುಗೂಡಿಸಿ ದೆಹಲಿಗೆ ತಲೆಬಾಗದ ರಾಜ್ಯ ಕಟ್ಟಿದರು. ತಂದೆ ಸಿಕಂದರ್ ಶಾ ಮೂವತ್ತು ವರ್ಷದಷ್ಟು ಆಳಿದರು. ಪಾಂಡುವಾದಲ್ಲಿ ಈಗಲೂ ಪಾಳುಬಿದ್ದು ನಿಂತಿರುವ ದೊಡ್ಡ ಆದಿನಾ ಮಸೀದಿ ಅವರು ಕಟ್ಟಿಸಿದ್ದು. ಅಂಥ ಮನೆಯಲ್ಲಿ ಹುಟ್ಟಿದರೂ ಗಿಯಾಸುದ್ದೀನರಿಗೆ ಸಿಂಹಾಸನ ನೆಟ್ಟಗೆ ಸಿಗಲಿಲ್ಲ. ತಂದೆ ಮಗನ ನಡುವೆ ಮನಸ್ತಾಪ ಬಂತು. ಮಗ ಸೋನಾರ್‌ಗಾಂವ್ ಕಡೆಗೆ ಹೋಗಿ ಬಂಡಾಯವೆದ್ದರು. ಕೊನೆಗೆ ಯುದ್ಧವೇ ನಡೆದು ತಂದೆ ಅದರಲ್ಲಿ ತೀರಿಕೊಂಡರು. ಸುಮಾರು 1390ರಲ್ಲಿ ಮಗ ಸುಲ್ತಾನರಾದರು. ಇದನ್ನು ನಾವು ಮುಚ್ಚಿಟ್ಟು ಹೇಳಬೇಕಾಗಿಲ್ಲ. ಹಳೆಯ ಇತಿಹಾಸಗಾರರೂ ಮುಚ್ಚಿಡಲಿಲ್ಲ. ತಂದೆಯ ರಕ್ತದ ಮೇಲೆ ಏರಿದ ಸಿಂಹಾಸನ ಅದು. ಅದರ ಭಾರ ಅವರ ಎದೆಯಲ್ಲಿ ಎಷ್ಟಿತ್ತು ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು.

ಆದರೆ ಆ ಮೇಲೆ ಆಳಿದ ಇಪ್ಪತ್ತು ವರ್ಷ ಅವರು ಯುದ್ಧಕ್ಕಿಂತ ನ್ಯಾಯಕ್ಕೆ, ವಿದ್ಯೆಗೆ ಹೆಸರಾದರು. ಬಂಗಾಳದಲ್ಲಿ ಮಕ್ಕಳಿಗೂ ಗೊತ್ತಿರುವ ಒಂದು ಕಥೆ ಉಂಟು. ಸುಲ್ತಾನರು ಬಿಲ್ಲುವಿದ್ಯೆ ಅಭ್ಯಾಸ ಮಾಡುವಾಗ ಬಾಣವೊಂದು ಗುರಿ ತಪ್ಪಿ ಒಬ್ಬ ವಿಧವೆಯ ಮಗನಿಗೆ ತಾಗಿತು. ಆ ತಾಯಿ ನೇರ ಖಾಝಿ ಸಿರಾಜುದ್ದೀನರ ಬಳಿ ದೂರು ಕೊಟ್ಟಳು. ಖಾಝಿಯವರು ಸುಲ್ತಾನರನ್ನು ಕರೆಸಿದರು. ಸುಲ್ತಾನರು ಸಾಮಾನ್ಯ ಆರೋಪಿಯಂತೆ ಬಂದು ನಿಂತರು, ಆ ತಾಯಿಗೆ ಪರಿಹಾರ ಕೊಟ್ಟು ಅವಳ ಮನಸ್ಸು ಒಪ್ಪಿಸಿದರು. ವಿಚಾರಣೆ ಮುಗಿದ ಮೇಲೆ ಸುಲ್ತಾನರು ತಮ್ಮ ಕತ್ತಿ ತೋರಿಸಿ, ಖಾಝಿ ಹೆದರಿ ಅನ್ಯಾಯದ ತೀರ್ಪು ಕೊಟ್ಟಿದ್ದರೆ ಅದರಿಂದಲೇ ಶಿಕ್ಷೆ ಆಗುತ್ತಿತ್ತು ಎಂದರಂತೆ. ಖಾಝಿಯವರೂ ತಮ್ಮ ಆಸನದ ಅಡಿಯಿಂದ ಬೆತ್ತ ತೆಗೆದು, ಸುಲ್ತಾನರು ತೀರ್ಪು ಮೀರಿದ್ದರೆ ಇದಕ್ಕೆ ಕೆಲಸ ಇತ್ತು ಎಂದು ತೋರಿಸಿದರಂತೆ. ಕಥೆ ಬರೆದದ್ದು ತುಂಬಾ ತಡವಾಗಿ, ಇರಲಿ. ಜನ ಒಬ್ಬ ಅರಸನ ಬಗ್ಗೆ ಯಾವ ಕಥೆ ಉಳಿಸಿಕೊಳ್ಳುತ್ತಾರೆ ಎಂಬುದರಲ್ಲೇ ಒಂದು ಸಾಕ್ಷಿ ಉಂಟು.

ವಿದ್ವಾಂಸರೆಂದರೆ ಅವರಿಗೆ ಪ್ರೀತಿ. ಪಾಂಡುವಾದ ದೊಡ್ಡ ಸೂಫಿ ನೂರ್ ಖುತುಬ್ ಆಲಮ್ ಮತ್ತು ಇವರು ಒಬ್ಬರೇ ಉಸ್ತಾದರ ಬಳಿ ಕಲಿತವರು ಎನ್ನುತ್ತಾರೆ. ಇರಾನಿನ ಶೀರಾಝಿನಲ್ಲಿದ್ದ ಮಹಾಕವಿ ಹಾಫಿಝರನ್ನು ಬಂಗಾಳಕ್ಕೆ ಬರಹೇಳಿ ಉಡುಗೊರೆ ಕಳಿಸಿದ್ದೂ, ಕವಿ ಬರಲಾಗದೆ ಗಝಲ್ ಒಂದನ್ನು ಬರೆದು ಕಳಿಸಿದ್ದೂ ಪ್ರಸಿದ್ಧವಾದ ವಿಷಯ. ಚೀನಾದ ಚಕ್ರವರ್ತಿಗೂ ಇವರಿಗೂ ದೂತರು ಹೋಗಿ ಬಂದು ಮಾಡುತ್ತಿದ್ದರು. ಅಂದರೆ ದೂರದ ದೇಶಕ್ಕೆ ಜನ ಕಳಿಸಿ, ಸಾಮಾನು ಕಳಿಸಿ, ಉತ್ತರ ತರಿಸಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು.

ಹಜ್‌ನ ದಾರಿಯೂ ಅವರ ಕೈಯಲ್ಲೇ ಇತ್ತು. ಚಿತ್ತಗಾಂಗ್ ಬಂದರಿನಿಂದ ಹಜ್ ಯಾತ್ರಿಕರ ಹಡಗುಗಳು ಹೋಗುತ್ತಿದ್ದವು. ಬಿಹಾರದ ಸೂಫಿ ಮುಝಫ್ಫರ್ ಶಮ್ಸ್ ಬಲ್ಖಿಯವರು ಈ ಸುಲ್ತಾನರಿಗೆ ಪತ್ರ ಬರೆದು, ತಮ್ಮನ್ನೂ ಜೊತೆಗಿದ್ದ ಫಕೀರರನ್ನೂ ಹಡಗಿಗೆ ಹತ್ತಿಸಬೇಕೆಂದು ಚಿತ್ತಗಾಂಗಿನ ಅಧಿಕಾರಿಗಳಿಗೆ ಆಜ್ಞೆ ಕೊಡಿಸುವಂತೆ ಕೇಳಿಕೊಂಡಿದ್ದರು. ಹೀಗೆ ಹೋಗುವ ಹಾಜಿಗಳನ್ನು ಬೀಳ್ಕೊಟ್ಟು ಬೀಳ್ಕೊಟ್ಟು, ಬಂಗಾಳದ ಹೆಸರಲ್ಲಿ ಹರಮಿನ ಬಳಿ ಒಂದು ನೆಲೆ ಇರಬೇಕೆಂದು ಸುಲ್ತಾನರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಮಕ್ಕಾದಲ್ಲಿ ಒಂದು ಮದ್ರಸ, ಜೊತೆಗೆ ಬಡವರು ಉಳಿಯಲು ಒಂದು ರಿಬಾತ್ ಕಟ್ಟುವುದೆಂದು ಅವರು ತೀರ್ಮಾನಿಸಿದರು. ರಿಬಾತ್ ಎಂದರೆ ಬಾಡಿಗೆ ಇಲ್ಲದ ವಸತಿ.

ತೀರ್ಮಾನವೇನೋ ಆಯಿತು, ಹಣ ಕಳಿಸುವುದು ಹೇಗೆ? ಬಂಗಾಳದ ಪೇಟೆಯಲ್ಲಿ ನಡೆಯುತ್ತಿದ್ದದ್ದು ಬೆಳ್ಳಿಯ ಟಂಕ. ಸಣ್ಣ ಪುಟ್ಟ ವ್ಯಾಪಾರಕ್ಕೆ ಮಾಲ್ದೀವಿನಿಂದ ಬರುತ್ತಿದ್ದ ಕವಡೆ. ಕವಡೆ ಕೊಟ್ಟು ಮಕ್ಕಾದಲ್ಲಿ ಜಾಗ ಸಿಗುವುದಿಲ್ಲ. ಅಲ್ಲಿನ ಲೆಕ್ಕ ಚಿನ್ನದ ಮಿಸ್ಕಾಲಿನಲ್ಲಿ. ಮಿಸ್ಕಾಲ್ ನಮಗೆ ಅಪರಿಚಿತ ಅಲ್ಲ. ಝಕಾತ್ ಕೊಡುವಾಗ ಚಿನ್ನದ ನಿಸಾಬ್ 20 ಮಿಸ್ಕಾಲ್, ಅಂದರೆ 85 ಗ್ರಾಂ ಎಂದು ಮದ್ರಸದಲ್ಲಿ ಕಲಿತಿದ್ದೇವಲ್ಲ, ಅದೇ ಮಿಸ್ಕಾಲ್. ಒಂದು ಮಿಸ್ಕಾಲಿಗೆ ನಾಲ್ಕೂಕಾಲು ಗ್ರಾಂ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಣಕ್ಕಿಂತ ಮುಂಚೆ ಸುಲ್ತಾನರು ಆರಿಸಿದ್ದು ಒಬ್ಬ ಮನುಷ್ಯನನ್ನು. ಯಾಕೂತ್ ಎಂಬುದು ಅವರ ಹೆಸರು. ಸುಲ್ತಾನರ ಸೇವೆಯಲ್ಲೇ ಇದ್ದ ನಂಬಿಕಸ್ಥ. ಒಡೆಯರ ಹೆಸರನ್ನೇ ಸೇರಿಸಿ ಜನ ಅವರನ್ನು ಯಾಕೂತ್ ಗಿಯಾಸಿ ಎಂದು ಕರೆಯುತ್ತಿದ್ದರು. ಅವರ ಕೈಯಲ್ಲಿ ಎರಡು ಹರಮಿನ ಬಡವರಿಗೆ ಹಂಚಲು ಹಣ, ಕಟ್ಟಡಕ್ಕೆ ಹಣ, ಮತ್ತು ಮಕ್ಕಾದ ಅಧಿಪತಿ ಶರೀಫ್ ಹಸನ್ ಬಿನ್ ಅಜ್ಲಾನ್ ಅವರಿಗೆ ಒಂದು ಪತ್ರ ಹಾಗೂ ಉಡುಗೊರೆ ಕೊಟ್ಟು ಹಡಗು ಹತ್ತಿಸಿದರು. ಆ ಪತ್ರವೇ ಅಂದಿನ ಪವರ್ ಆಫ್ ಅಟಾರ್ನಿ ಅನ್ನಿ. ಬಂಗಾಳ ಕೊಲ್ಲಿ, ಸಿಂಹಳದ ಸುತ್ತು, ಅರಬಿ ಕಡಲು, ಕೆಂಪು ಸಮುದ್ರ, ಅದು ದಾಟಿ ಜಿದ್ದಾ. ಮಳೆಗಾಲದ ಗಾಳಿ ನೋಡಿ ಹೊರಡಬೇಕು, ಗಾಳಿ ತಿರುಗಿದ ಮೇಲೆ ವಾಪಸ್. ಕಳಿಸಿದ ಹಣ ಮುಟ್ಟಿತಾ ಎಂದು ತಿಳಿಯಲಿಕ್ಕೇ ತಿಂಗಳುಗಟ್ಟಲೆ ಕಾಯಬೇಕಿದ್ದ ಕಾಲ. ಮೀನುಗಾರಿಕೆ, ಹಡಗು ಗೊತ್ತಿರುವ ನಮ್ಮ ಕಡಲ ತಡಿಯ ಮನೆಗಳಿಗೆ ಆ ಕಾಯುವಿಕೆ ಎಂಥದ್ದು ಅಂತ ಹೇಳಿ ಕೊಡಬೇಕಾಗಿಲ್ಲ.

ಯಾಕೂತ್ ಮಕ್ಕಾ ತಲುಪಿದರು. ಶರೀಫ್ ಹಸನ್ ಅವರು ಒಳ್ಳೆಯ ರೀತಿಯಲ್ಲೇ ಬರಮಾಡಿಕೊಂಡರು. ಆದರೆ ಊರಿಗೊಂದು ಕಟ್ಟಲೆ ಇರುತ್ತದೆ. ಹೊರಗಿಂದ ಬಂದ ದಾನದಲ್ಲಿ ಮೂರನೇ ಒಂದು ಪಾಲು ಶರೀಫರಿಗೆ ಹೋಗುವುದು ಅವರ ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಆ ಪಾಲು ತೆಗೆದ ಮೇಲೆ ಉಳಿದದ್ದನ್ನು ವಿದ್ವಾಂಸರಿಗೂ ಬಡವರಿಗೂ ಹಂಚಲಾಯಿತು. ಎರಡು ಹರಮಿನ ಜನರೂ ಅದರಿಂದ ಪಡೆದರು. ಇವತ್ತು ನಾವು ಹಣ ಕಳಿಸುವಾಗ ಬ್ಯಾಂಕಿನ ಚಾರ್ಜು, ಎಕ್ಸ್‌ಚೇಂಜಿನ ವ್ಯತ್ಯಾಸ, ತೆರಿಗೆ ಎಂದು ಗೊಣಗುತ್ತೇವೆ. ಅಂದು ಮೂರರಲ್ಲೊಂದು ಪಾಲು ಬಾಗಿಲಲ್ಲೇ ಕಡಿತವಾಯಿತು.

ಅನಂತರ ಜಾಗದ ವ್ಯವಹಾರ. ಮಸ್ಜಿದುಲ್ ಹರಾಮಿನ ದಕ್ಷಿಣ ದಿಕ್ಕಿನಲ್ಲಿ, ಉಮ್ಮು ಹಾನಿ ಬಾಗಿಲಿನ ಹತ್ತಿರ, ಒಟ್ಟಿಗಿದ್ದ ಎರಡು ಮನೆಗಳನ್ನು ಯಾಕೂತ್ ಖರೀದಿಸಿದರು. ಎರಡನ್ನೂ ಕೆಡವಿ ಅದೇ ಜಾಗದಲ್ಲಿ ಮದ್ರಸ ಮತ್ತು ರಿಬಾತ್ ಎಬ್ಬಿಸಿದರು. ಹಿಜರಿ 813ರ ರಮಝಾನಿನಲ್ಲಿ ಕೆಲಸ ಶುರುವಾಯಿತು. 814ರಲ್ಲಿ ಪಾಠ ಆರಂಭವಾಯಿತು. ಕ್ರಿಸ್ತಶಕದ ಲೆಕ್ಕದಲ್ಲಿ 1411ರ ಆಸುಪಾಸು.

ಇಲ್ಲಿವರೆಗೆ ಮಾಡಿದ್ದು ಹಣವಿದ್ದ ಯಾರೂ ಮಾಡಬಹುದಾದ ಕೆಲಸ. ಸುಲ್ತಾನರ ದೂರದೃಷ್ಟಿ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಕಟ್ಟಡ ಎದ್ದರೆ ಸಾಕೇ? ಉಸ್ತಾದರಿಗೆ ಸಂಬಳ, ಮಕ್ಕಳ ಊಟ, ದೀಪದ ಎಣ್ಣೆ, ಸೋರುವ ಮಾಡಿನ ರಿಪೇರಿ ಎಲ್ಲಿಂದ? ಪ್ರತಿ ವರ್ಷ ಬಂಗಾಳದಿಂದ ಹಡಗಿನಲ್ಲಿ ಹಣ ಬರಬೇಕೆಂದರೆ ಒಂದು ವರ್ಷ ಹಡಗು ಮುಳುಗಿದರೆ ಮದ್ರಸವೂ ಮುಳುಗಿತು. ಅದಕ್ಕೇ ಯಾಕೂತ್ ಮಕ್ಕಾದ ಹೊರಗೆ ರುಕಾನಿ ಎಂಬಲ್ಲಿ ಎರಡು ತೋಟಗಳನ್ನೂ, ನಾಲ್ಕು ಸರದಿ ನೀರಿನ ಹಕ್ಕನ್ನೂ ಖರೀದಿಸಿದರು. ನಮ್ಮ ಅಡಿಕೆ ತೋಟಗಳಲ್ಲಿ ನೀರು ಬಿಡುವ ಸರದಿ ಇರುವುದಿಲ್ಲವೇ, ಹಾಗೆಯೇ. ಮರುಭೂಮಿಯಲ್ಲಿ ನೀರಿನ ಸರದಿ ಇಲ್ಲದ ತೋಟ ಬರೀ ಮಣ್ಣು. ಅದನ್ನು ತಿಳಿದೇ ನೀರನ್ನೂ ಸೇರಿಸಿ ಕೊಂಡರು. ಎಲ್ಲವನ್ನೂ ಮದ್ರಸದ ಹೆಸರಿಗೆ ವಕ್ಫ್ ಮಾಡಿದರು.

ಎರಡು ಮನೆ, ಎರಡು ತೋಟ, ನಾಲ್ಕು ಸರದಿ ನೀರು, ಇಷ್ಟಕ್ಕೆ ಶರೀಫರಿಗೆ ಸಂದ ಮೊತ್ತ 12,000 ಮಿಸ್ಕಾಲ್ ಚಿನ್ನ. ಈಗ ನಮ್ಮ ಲೆಕ್ಕ ಹಾಕೋಣ. ಇವತ್ತಿನ ತೂಕದಲ್ಲಿ ಸುಮಾರು 51 ಕಿಲೋ. ನಮ್ಮ ಹೆಂಗಸರ ಭಾಷೆಯಲ್ಲಿ ಹೇಳುವುದಾದರೆ 6,375 ಪವನ್. ಅಷ್ಟು ಚಿನ್ನ ಚಿತ್ತಗಾಂಗಿನಿಂದ ಜಿದ್ದಾದವರೆಗೆ ಸಮುದ್ರ ದಾಟಿದ ಒಬ್ಬ ಸೇವಕನ ನಂಬಿಕೆಯ ಮೇಲೆ ಕೈ ಬದಲಾಯಿತು.

ಆದಾಯ ಹಂಚುವ ಕ್ರಮವೂ ಸ್ಪಷ್ಟ. ತೋಟದ ಉತ್ಪತ್ತಿಯಲ್ಲಿ ಐದು ಪಾಲು. ಒಂದು ಪಾಲು ನಾಲ್ಕು ಉಸ್ತಾದರಿಗೆ ಸಮನಾಗಿ. ಮೂರು ಪಾಲು ವಿದ್ಯಾರ್ಥಿಗಳಿಗೆ. ಉಳಿದ ಐದನೇ ಪಾಲನ್ನು ಮತ್ತೆ ಮೂರು ಮಾಡಿ, ಅದರಲ್ಲಿ ಎರಡು ಅಲ್ಲಿ ವಾಸಿಸುವ ಹತ್ತು ಮಂದಿಗೆ, ಒಂದು ಕಟ್ಟಡದ ಖರ್ಚಿಗೆ. ನಾಲ್ಕು ಉಸ್ತಾದರು ಯಾಕೆಂದರೆ ನಾಲ್ಕು ಮದ್‌ಹಬಿನ ಪಾಠ ಒಂದೇ ಸೂರಿನಡಿ ನಡೆಯಬೇಕಿತ್ತು. ಒಟ್ಟು 60 ವಿದ್ಯಾರ್ಥಿಗಳು. ಅವರಲ್ಲಿ ಶಾಫಿಈ 20, ಹನಫಿ 20, ಮಾಲಿಕಿ 10, ಹಂಬಲಿ 10.

ಈ ಪಟ್ಟಿ ಓದುವಾಗ ನಾವು ಸ್ವಲ್ಪ ನಿಂತು ನೋಡಬೇಕು. ಬಂಗಾಳ ಹನಫಿಗಳ ನಾಡು. ಸುಲ್ತಾನರು ಮನಸ್ಸು ಮಾಡಿದ್ದರೆ ತಮ್ಮವರಿಗೆ ಮಾತ್ರ ಮದ್ರಸ ಕಟ್ಟಬಹುದಿತ್ತು. ಹಾಗೆ ಮಾಡಲಿಲ್ಲ. ನಮ್ಮ ಕರಾವಳಿಯ ಮದ್‌ಹಬ್ ಆದ ಶಾಫಿಈಗೂ ಹನಫಿಗೂ ಸಮಪಾಲು ಸಿಕ್ಕಿತು. ದೂರದ ಬಂಗಾಳದ ಬೆವರಿನ ಹಣದಲ್ಲಿ ಶಾಫಿಈ ಫಿಖ್‌ಹ್ ಕಲಿಯುವ 20 ಮಂದಿ ಹರಮಿನ ಪಕ್ಕ ಊಟ ಮಾಡಿ ಓದಿದರು.

ಇಷ್ಟೆಲ್ಲ ವಿವರ ನಮಗೆ ಸಿಕ್ಕಿದ್ದು ಹೇಗೆ? ಮಕ್ಕಾದ ಮಾಲಿಕಿ ಖಾಝಿಯೂ ಆ ನಗರದ ಇತಿಹಾಸ ಬರೆದವರೂ ಆದ ತಖಿಯುದ್ದೀನ್ ಫಾಸಿಯವರು ಅದೇ ಮದ್ರಸದಲ್ಲಿ ಪಾಠ ಹೇಳಿದವರು. ಕಣ್ಣಾರೆ ಕಂಡದ್ದನ್ನು ಬರೆದಿಟ್ಟರು. ಮುಂದೆ ಮಕ್ಕಾದ ಇನ್ನೊಬ್ಬ ಇತಿಹಾಸಗಾರ ಖುತುಬುದ್ದೀನ್ ನಹ್ರವಾಲಿಯವರೂ ಈ ಹಣದ ಕಥೆಯನ್ನು ವಿವರವಾಗಿ ಬರೆದರು. ಲೆಕ್ಕ ಬರೆದಿಟ್ಟದ್ದರಿಂದ ಲೆಕ್ಕ ಉಳಿಯಿತು.

ಯಾಕೂತ್ ಇನ್ನೊಂದು ಜಾಣತನದ ಕೆಲಸ ಮಾಡಿದರು. ಮದ್ರಸದ ಎದುರಿಗೇ ಇದ್ದ ಮನೆಯೊಂದನ್ನು 500 ಮಿಸ್ಕಾಲಿಗೆ ಕೊಂಡು ಅದನ್ನೂ ವಕ್ಫಿಗೆ ಸೇರಿಸಿದರು. ಅದು ಮದ್ರಸದ ರಿಪೇರಿ, ನಿರ್ವಹಣೆಗೆ. ನಮ್ಮಲ್ಲಿ ಪಳ್ಳಿಯ ಎದುರು ನಾಲ್ಕು ಅಂಗಡಿ ಕಟ್ಟಿ ಬಾಡಿಗೆ ಪಳ್ಳಿಗೆ ಬರುವಂತೆ ಮಾಡುವುದಿಲ್ಲವೇ? ಅದೇ ಬುದ್ಧಿ. ತೋಟದ ಬೆಳೆ ಒಂದು ವರ್ಷ ಕೈಕೊಟ್ಟರೂ ಎದುರಿನ ಮನೆ ಇರಲಿ ಎಂಬ ಯೋಚನೆ.

ಎಲ್ಲವೂ ಸಲೀಸಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅರಫಾದ ನೀರಿನ ಕಾಲುವೆ ಹಾಳಾಗಿ ಹಾಜಿಗಳು ಕಷ್ಟಪಡುತ್ತಿದ್ದರು. ಅದರ ದುರಸ್ತಿಗೆಂದು ಸುಲ್ತಾನರು 30,000 ಮಿಸ್ಕಾಲ್ ಕಳಿಸಿದ್ದರು. ಸುಮಾರು 16,000 ಪವನ್. ಮದ್ರಸಕ್ಕಿಂತ ದೊಡ್ಡ ಮೊತ್ತ. ಆ ಕೆಲಸ ತಾನೇ ನೋಡಿಕೊಳ್ಳುವುದಾಗಿ ಹೇಳಿ ಶರೀಫರು ಹಣ ಇಟ್ಟುಕೊಂಡರು. ಯಾಕೂತ್ ಖುದ್ದು ನಿಂತು ಮಾಡಿಸಿದ ಮದ್ರಸದ ಲೆಕ್ಕ ಪೈಸೆ ಪೈಸೆ ನಮ್ಮ ಮುಂದಿದೆ. ಇನ್ನೊಬ್ಬರ ಕೈಗೆ ಬಿಟ್ಟ ಈ ಹಣಕ್ಕೆ ಅಂಥ ಲೆಕ್ಕ ಇಲ್ಲ.

ಮದೀನಕ್ಕೆ ಹೊರಟ ಹಣದ ಕಥೆ ಇನ್ನೂ ಕಷ್ಟದ್ದು. ಸುಲ್ತಾನರ ವಝೀರ್ ಖಾನ್ ಜಹಾನ್ ಅವರು ಹಾಜಿ ಇಖ್ಬಾಲ್ ಎಂಬವರ ಕೈಯಲ್ಲಿ ಮದೀನದ ಬಡವರಿಗೆ ಹಣ, ಅಲ್ಲೊಂದು ಮದ್ರಸಕ್ಕೆ ಹಣ, ಅಲ್ಲಿನ ಅಮೀರ್ ಜಮ್ಮಾಝರಿಗೆ ಉಡುಗೊರೆ ಕೊಟ್ಟು ಕಳಿಸಿದರು. ಜಿದ್ದಾದ ಹತ್ತಿರ ಬಂದಾಗ ಹಡಗು ಒಡೆಯಿತು. ಇಷ್ಟು ದೂರ ದಾಟಿ, ದಡ ಕಾಣುವಾಗ! ನೀರಿನಿಂದ ಎತ್ತಿದ ಸಾಮಾನಿನಲ್ಲಿ ನಾಲ್ಕನೇ ಒಂದು ಪಾಲು ಮಕ್ಕಾದ ಶರೀಫರಿಗೆ ಸೇರಿತು. ಒಡೆದ ಹಡಗಿನ ಸಾಮಾನಿಗೆ ಅದೇ ಅಲ್ಲಿನ ಕಾನೂನು. ಅಮೀರ್ ಜಮ್ಮಾಝರಿಗೂ ಶರೀಫರಿಗೂ ಜಗಳ ಇದ್ದುದರಿಂದ ಆ ಉಡುಗೊರೆಯೂ ಮಕ್ಕಾದಲ್ಲೇ ಉಳಿಯಿತು. ಆದರೂ ಮದೀನದಲ್ಲಿ ಮಸ್ಜಿದುನ್ನಬವಿಯ ಬಾಬುಸ್ಸಲಾಮ್ ಹತ್ತಿರ ಬಂಗಾಳದ ಹೆಸರಿನ ಮದ್ರಸ ಎದ್ದಿತು.

ಇತ್ತ ಸುಲ್ತಾನರು ಅದರಲ್ಲಿ ಒಂದನ್ನೂ ಕಣ್ಣಿಂದ ಕಂಡವರಲ್ಲ. ಮಕ್ಕಾದಲ್ಲಿ ಕಟ್ಟಡ ಏಳುತ್ತಿದ್ದ ಕಾಲಕ್ಕೇ, ಸುಮಾರು 1410-11ರಲ್ಲಿ, ಬಂಗಾಳದಲ್ಲಿ ಅವರ ಆಳ್ವಿಕೆ ಮುಗಿಯಿತು. ಅವರ ನಂತರ ಮಗ ಸೈಫುದ್ದೀನ್ ಹಂಝ ಶಾ ಪಟ್ಟಕ್ಕೆ ಬಂದರೂ ಹೆಚ್ಚು ಕಾಲ ಆಳಲಿಲ್ಲ. ಕೆಲವೇ ವರ್ಷಗಳಲ್ಲಿ ಅಧಿಕಾರ ರಾಜಾ ಗಣೇಶನ ಕೈ ಸೇರಿತು. ಯಾವ ಸಿಂಹಾಸನಕ್ಕಾಗಿ ತಂದೆಯೊಡನೆ ಯುದ್ಧ ಮಾಡಿದರೋ ಆ ಸಿಂಹಾಸನ ಮನೆತನದ ಕೈತಪ್ಪಿತು. ಆದರೆ ರುಕಾನಿಯ ತೋಟಕ್ಕೆ ನೀರಿನ ಸರದಿ ತಪ್ಪಬೇಕಾಗಿರಲಿಲ್ಲ. ಯಾಕೆಂದರೆ ಆ ಆಸ್ತಿ ಸುಲ್ತಾನರ ಹೆಸರಲ್ಲಿ ಇರಲಿಲ್ಲ, ಮಗನ ಹೆಸರಲ್ಲೂ ಇರಲಿಲ್ಲ. ಅದು ವಕ್ಫ್. ಬಂಗಾಳದ ಖಜಾನೆ ಯಾರ ಕೈಗೆ ಹೋದರೂ ಅದಕ್ಕೂ ಮದ್ರಸಕ್ಕೂ ಸಂಬಂಧ ಇರಲಿಲ್ಲ.

ಬಾಂಗ್ಲಾದೇಶದ ಸೋನಾರ್‌ಗಾಂವ್ ಬಳಿ ಮೊಗ್ರಾಪಾರದಲ್ಲಿ ಕಪ್ಪು ಕಲ್ಲಿನ ಒಂದು ಕಬರ್ ಇದೆ. ಅದು ಅವರದ್ದೇ ಎಂದು ಜನ ನಂಬುತ್ತಾರೆ. ಮಕ್ಕಾದ ಆ ಮದ್ರಸ ಇಂದು ಇಲ್ಲ. ನಾವು ಉಮ್ರಕ್ಕೆ ಹೋದಾಗ ನಡೆದಾಡುವ ವಿಶಾಲವಾದ ಹರಮಿನ ಸುತ್ತಲಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಕಲ್ಲು ಮಣ್ಣು ಎಂದಿಗೂ ಶಾಶ್ವತ ಅಲ್ಲ.

ಹಾಗಾದರೆ ಆ 12,000 ಮಿಸ್ಕಾಲಿನಿಂದ ಏನು ಸಿಕ್ಕಿತು? ವಿದೇಶದಲ್ಲಿ ಒಂದು ಜಾಗ ಕೊಳ್ಳುವ ಮುಂಚೆ ನಾವು ಕೇಳುವ ಪ್ರಶ್ನೆಗಳಿಗೆಲ್ಲ ಗಿಯಾಸುದ್ದೀನ್ ಅಂದೇ ಉತ್ತರ ಹುಡುಕಿದ್ದರು. ಹೋಗಿ ನಿಂತು ಮಾಡಿಸುವ ನಂಬಿಕಸ್ಥ ಯಾರು ಎಂಬುದನ್ನು ಮೊದಲು ನಿಶ್ಚಯಿಸಿದರು. ಆ ಊರಿನ ಅಧಿಕಾರಕ್ಕೆ ಮುಂಚಿತವಾಗಿ ಪತ್ರ ಕೊಟ್ಟರು, ಅಲ್ಲಿನ ಕಡಿತ ಎಷ್ಟಿದ್ದರೂ ಸಾಲುವಷ್ಟು ಹಣ ಕಳಿಸಿದರು. ಜಾಗದ ಜೊತೆಗೆ ಆ ಜಾಗ ಸಾಕುವ ತೋಟವನ್ನೂ, ತೋಟ ಸಾಕುವ ನೀರನ್ನೂ ಕೊಂಡರು. ಕೊನೆಗೆ ತಾವು ಸತ್ತರೂ ರಾಜ್ಯ ಹೋದರೂ ಕೈಬದಲಾಗದ ಹೆಸರಿಗೆ ಅದನ್ನು ಬರೆಸಿದರು. ಎಲ್ಲಿ ಈ ಕ್ರಮ ನಡೆಯಿತೋ ಅಲ್ಲಿ 60 ಮಂದಿ ಓದಿದರು. ಎಲ್ಲಿ ಹಣ ಬರೀ ಮಾತಿನ ಮೇಲೆ ಉಳಿಯಿತೋ ಅಲ್ಲಿ ಲೆಕ್ಕವೂ ಉಳಿಯಲಿಲ್ಲ.

ಮುಂದಿನ ಸಲ ನಮ್ಮ ಮನೆಯ ಹಾಲ್‌ನಲ್ಲಿ ಮಕ್ಕಳು ಫ್ಲ್ಯಾಟಿನ ಮಾತು ತೆಗೆದಾಗ, ಅಥವಾ ಜಮಾಅತಿನವರು ಪಳ್ಳಿಗೆ ಹೊಸ ಕಟ್ಟಡದ ಮಾತು ತೆಗೆದಾಗ, ಚದರಡಿಗೆ ಎಷ್ಟು ಎಂದು ಕೇಳುವ ಮುಂಚೆ ಇದಕ್ಕೆ ನೀರಿನ ಸರದಿ ಎಲ್ಲಿಂದ ಎಂದು ಕೇಳೋಣ. ಆ ಸುಲ್ತಾನರ ತಪ್ಪುಗಳನ್ನು ಅಲ್ಲಾಹನು ಮನ್ನಿಸಲಿ, ಹರಮಿನ ನೆರಳಲ್ಲಿ ಅವರು ನೆಟ್ಟ ಈ ಸತ್ಕರ್ಮವನ್ನು ಸ್ವೀಕರಿಸಲಿ.